ನಿನ್ನೆ ಕಿರುಚಿದ ಹೆಬ್ಬೆರಳು

ಅತ್ತೆ,

ನೀವಿನ್ನೂ ಕೋಣೆ ಬಾಗಿಲು ತೆಗೆದಿಲ್ಲ, ಅದಕ್ಕೇ ಈ ಚೀಟಿ. ಕಾಫಿ ಫ್ಲಾಸ್ಕಲ್ಲಿದೆ. ಮಂಡಿನೋವಿನ ಮಾತ್ರೆ ತಿಂಡಿ ಆದ್ಮೇಲೆ ತಗೊಳ್ಳಿ.

ಕಾಲಿನ ಹೆಬ್ಬೆರಳ ಮಾಂಸದೊಳಗೆ ಹೊಕ್ಕಿದ್ದ ಉಗುರನ್ನ ಡಾಕ್ಟರ್ ಕತ್ತರಿಸಿದಾಗ ನಾನು ತುಟಿ ಪಿಟಕ್ ಅನ್ನಲಿಲ್ಲ. ನಿನ್ನೆ ಗಾಯಕ್ಕೆ ಅಂಟಿಕೊಂಡಿದ್ದ ಪಟ್ಟಿ ನೀವು ಬಿಚ್ಚಿದಾಗ ಮಾತ್ರ "ಅದೇನು ಕೈಯೋ, ಇಕ್ಕಳಾನೋ?" ಅಂತ ಕಿರುಚಿಬಿಟ್ಟೆ. ಡೊಳ್ಳುಹೊಟ್ಟೆ ಅಡ್ಡ ಬಂದು ನನ್ನ ಕಾಲು ನನಗೇ ಸಿಗಲ್ಲ ಅಂತ, ಪಾಪ, ನೋಯೋ ಮಂಡೀಲೇ ನೆಲದ ಮೇಲೆ ಕೂತು ದಿನಾ ಕಟ್ಟೋರು ನೀವು. ನಿಮ್ಮ ಮೇಲೇ ಕೂಗಾಡಿದೆ. ಮುಖ ತೋರಿಸೋಕೆ ನಾಚಿಕೆ ಆಗ್ತಿದೆ.

ಬಚ್ಚಲಲ್ಲಿ ಉಪ್ಪುನೀರಿನ ಟಬ್ ಹಾಗೇ ಇದೆ, ಎತ್ತೋಕೆ ಹೋಗ್ಬೇಡಿ. ನಿಮ್ಮ ಮಗಳು ಫೋನ್ ಮಾಡಿದ್ರೆ ನಿನ್ನೇದು ಹೇಳ್ಬೇಡಿ. ಅಲ್ಲ, ಹೇಳಿ. ಬೈಸ್ಕೋಬೇಕು ನಾನು.

ಇವತ್ತು ಉಸಿರು ಬಿಗಿಹಿಡಿದು ನಾನೇ ಅಂದಾಜಲ್ಲಿ ಕಟ್ಕೊಂಡೆ. ಆಮೇಲೆ ನೋಡಿದ್ರೆ ಮುಲಾಮು, ಹತ್ತಿ, ಪಟ್ಟಿ ಎಲ್ಲಾ ಪಕ್ಕದ ಬೆರಳಿಗೆ! ಏನೂ ಆಗದ ಬೆರಳು ಪೇಟ ಸುತ್ಕೊಂಡು ಮೆರೀತಿದೆ, ಹೆಬ್ಬೆರಳು ಬತ್ತಲೆ.

ಸಂಜೆ ಬೇಗ ಬರ್ತೀನಿ. ನೀವು ಕುರ್ಚೀಲಿ ಕೂತ್ಕೊಳ್ಳಿ, ನಾನು ಮಂಚದ ಮೇಲೆ ಮಲಗಿ ಕಾಲು ಚಾಚ್ತೀನಿ. ಕೋಪ ಇಳಿದಿಲ್ಲ ಅಂದ್ರೆ ಹೆಬ್ಬೆರಳಿಗೆ ಪಟ್ಟಿ ಜೋರಾಗೇ ಬಿಗೀರಿ. ಬಾಯಿಗೆ ಟವೆಲ್ ತುರುಕ್ಕೊಂಡಿರ್ತೀನಿ.

ನಿಮ್ಮ ಅಳಿಯ