ಹೋಗದ ವಾಸನೆ

ಮಾರ್ಚ್ 4, ಬೆಳಿಗ್ಗೆ 6.30
ಬೆಕ್ಕುಗಳ ಮರಳಿನ ಟ್ರೇ ಸ್ವಚ್ಛ ಮಾಡಿದ್ದಾಯಿತು. ಒದ್ದೆ ಮರಳಿನ ಉಂಡೆಗಳನ್ನು ಎತ್ತಿ ಹಾಕಿ, ಮೇಲೆ ಅಡುಗೆ ಸೋಡಾ ಉದುರಿಸಿದೆ. ಹೆಂಡತಿ ಐದಕ್ಕೇ ಬೇಕರಿ ಕೆಲಸಕ್ಕೆ ಹೊರಡುತ್ತಾಳೆ. ಬೆಕ್ಕುಗಳ ಪಾಯಿಖಾನೆ ನನ್ನ ಪಾಲು. ಕೈ ತೊಳೆದು ಬರುವಷ್ಟರಲ್ಲಿ ಕರಿಯ ಒಳಗಿಳಿದು ಉದ್ಘಾಟನೆ ಮಾಡಿಬಿಟ್ಟ. ಬೂದಿ ಮರ್ಯಾದಸ್ಥೆ, ಸರದಿ ಕಾಯುತ್ತಾಳೆ.
ಇಷ್ಟಾದರೂ ವಾಸನೆ.

ಮಾರ್ಚ್ 7
ಮಾನ ಹೋಯಿತು. ಮೇಷ್ಟರು ಕೋಟು ವಾಪಸ್ ತಂದರು. ಹೊಲಿಗೆಯ ತಕರಾರಲ್ಲ.
“ಬೇಜಾರ್ ಮಾಡ್ಕೋಬೇಡಿ ಟೈಲರ್ರೇ. ಕ್ಲಾಸಲ್ಲಿ ಮಕ್ಕಳು ಮೂಗು ಮುಚ್ಕೊಂಡ್ರು.”
ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಇಲ್ಲಿಗೆ ಗಿರಾಕಿ ಬರದಿದ್ದರೆ ಗತಿಯೇನು? ಅತ್ತೆ ಗುಂಡಿ ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ.
“ಬೂದಿನೇ ಇರ್ಬೇಕು” ಎಂದರು. “ನನ್ನ ರೂಮಲ್ಲೂ ಮಾಡಿರ್ತಾಳೆ.”

ಮಾರ್ಚ್ 15
ಈಗ ಎರಡು ಟ್ರೇ. ಗುಲಾಬಿ ಸೆಂಟಿನ ಮರಳು ತಂದೆ... ಬೆಕ್ಕುಗಳೆರಡೂ ಮೂಸಿ, ನನ್ನನ್ನೊಮ್ಮೆ ನೋಡಿ, ತಿರುಗಿ ಹೋದವು. ಮತ್ತೆ ಸಾದಾ ಮರಳು. ಟ್ರೇಗಳನ್ನು ಬಿಸಿನೀರಲ್ಲಿ ತಿಕ್ಕಿ, ಒಣಗಿಸಿ, ಕಿಟಕಿ ಹತ್ತಿರ ಇಟ್ಟೆ. ಬಗ್ಗಿ ಮೂಸಿದರೆ ಏನೂ ಇಲ್ಲ. ಎದ್ದು ನಿಂತರೆ ಇದೆ!

ಮಾರ್ಚ್ 18
“ಸಾಕು ರೀ” ಎಂದಳು ಹೆಂಡತಿ. “ಭಾನುವಾರ ಬೇಕರಿ ಗೋಡೌನಿಗೆ ಬಿಟ್ಬಿಡೋಣ. ಇಲಿ ಹಿಡ್ಕೊಂಡಿರ್ತವೆ. ಅಲ್ಲೀವರೆಗೂ ತಾರಸಿ ರೂಮಲ್ಲಿರ್ಲಿ.”
ಬೆಕ್ಕು, ಟ್ರೇ ಎಲ್ಲ ಮೇಲಕ್ಕೆ. ಅತ್ತೆ ಅರ್ಧ ಊಟಕ್ಕೇ ಎದ್ದರು.

ಮಾರ್ಚ್ 20, ಬೆಳಿಗ್ಗೆ 10
ಬೆಕ್ಕುಗಳು ಮೇಲೆ ಹೋಗಿ ಎರಡು ದಿನ. ನೆಲ ಎರಡು ಸಲ ಒರೆಸಿದೆ. ವಾಸನೆ ಜಪ್ಪಯ್ಯ ಅಂದರೂ ಹೋಗಿಲ್ಲ.
ಮೂಗು ಕರೆದಲ್ಲಿಗೆ ಹೋದೆ. ಅತ್ತೆಯ ಕೋಣೆ. ಹೊಲಿದ ಬಟ್ಟೆ ತೂಗುಹಾಕುವುದೂ ಅಲ್ಲೇ. ಮಂಚದ ಕೆಳಗೆ ಮುಚ್ಚಿದ ಬಕೆಟ್ಟು. ಒಳಗೆ ಒದ್ದೆಯಾದ ಸೀರೆ, ಹೊದಿಕೆ...
ತಿರುಗಿದರೆ ಬಾಗಿಲಲ್ಲಿ ಅತ್ತೆ.
“ತಡ್ಕೊಳ್ಳೋಕೆ ಆಗ್ತಿಲ್ಲ ಅಳಿಯಂದ್ರೇ. ಬಾತ್‌ರೂಮ್ ಸೇರೋಷ್ಟರಲ್ಲೇ... ನಾಲ್ಕು ತಿಂಗಳಾಯ್ತು. ನೀವು ಹೊರಗ್ ಹೋದಾಗ ಒಗೀತೀನಿ.” ಗೋಡೆ ನೋಡುತ್ತಾ ಹೇಳಿದರು. “ಬೆಕ್ಕಿನ ಮೇಲೆ ಹಾಕ್ದೆ. ಪಾಪ, ಬಾಯಿಲ್ಲದವು.”
ನನಗೂ ಗೋಡೆಯೇ ಗತಿ. ಅತ್ತೆ ಅಳಿಯ ಆಡುವ ಮಾತೇ ಇದು? ಕೊನೆಗೆ ಬಾಯಿಗೆ ಬಂದದ್ದು ದರ್ಜಿಯ ಮಾತು.
“ರೇನ್‌ಕೋಟ್ ಬಟ್ಟೆ ಉಳಿದಿದೆ ಅತ್ತೆ. ಮೇಲೆ ಹತ್ತಿ ಕೊಟ್ಟು ಹಾಸು ಹೊಲೀತೀನಿ. ಡಾಕ್ಟರ ಹತ್ರಾನೂ ಹೋಗಿ ಬರೋಣ.”
“ಮಗಳಿಗೆ ಹೇಳ್ಬೇಡಿ.”
“ಇಲ್ಲ.”
ಬಕೆಟ್ಟು ನಾನೇ ಎತ್ತಿಕೊಂಡೆ. ಅವರು ಬಿಡಲಿಲ್ಲ. ಹಿಡಿಕೆಗೆ ಇಬ್ಬರ ಕೈ, ಹಾಗೇ ಬಚ್ಚಲವರೆಗೆ.

ಮಾರ್ಚ್ 21
ಬೆಕ್ಕುಗಳನ್ನು ಕೆಳಗೆ ತಂದೆ. ಹೆಂಡತಿ ಕೆಂಡ. ವಾಸನೆ ಹೋಗಿಸುತ್ತೇನೆಂದು ಗೋಗರೆದು ಮೂರು ವಾರದ ಗಡುವು ಪಡೆದೆ.

ಏಪ್ರಿಲ್ 2
ಡಾಕ್ಟರಮ್ಮ ಒಳ್ಳೆಯವರು. “ಎಷ್ಟೋ ಜನಕ್ಕೆ ಆಗತ್ತಮ್ಮ, ಯಾರೂ ಬಾಯ್ಬಿಡಲ್ಲ ಅಷ್ಟೇ.” ಮಾತ್ರೆ, ವ್ಯಾಯಾಮ, ಗಂಟೆಗೊಂದು ಸಲ ಎದ್ದು ಹೋಗುವುದು. ಬರುವಾಗ ಆಟೋದಲ್ಲಿ ಅತ್ತೆ ಏನೋ ಗುನುಗುತ್ತಿದ್ದರು.

ಏಪ್ರಿಲ್ 9, ಸಂಜೆ 6
ಹೆಂಡತಿ ಬಾಗಿಲಲ್ಲೇ ನಿಂತು ಉಸಿರೆಳೆದಳು.
“ವಾಸನೇನೇ ಇಲ್ವಲ್ರೀ! ಏನ್ ಮಾಡಿದ್ರಿ?”
ಸೋಡಾ, ಮರಳು ಎಂದು ತೊದಲಿದೆ.
“ಸುಳ್ಳು” ಎಂದರು ಅತ್ತೆ. “ಬೆಕ್ಕುಗಳದ್ದಲ್ಲ ಕಣೇ ಅದು. ನಂದು.”
ಎಲ್ಲ ಹೇಳಿದರು. ಬಕೆಟ್ಟು, ಹಾಸು, ಡಾಕ್ಟರು. ಹೆಂಡತಿ ಹೆಗಲ ಚೀಲ ಸಹಿತ ಅಮ್ಮನ ಮುಂದೆ ನೆಲಕ್ಕೆ ಕೂತಳು.
“ನಂಗ್ಯಾಕಮ್ಮ ಹೇಳ್ಲಿಲ್ಲ?”
“ಚಿಕ್ಕೋಳಿದ್ದಾಗ ಹಾಸಿಗೆ ಒದ್ದೆ ಮಾಡ್ಕೊಂಡ್ರೆ ನಿಂಗೆ ಎಷ್ಟ್ ಬೈತಿದ್ದೆ... ಈಗ ಯಾವ್ ಮುಖ ಇಟ್ಕೊಂಡು ಹೇಳ್ಲಿ?”
ನಾನು ಮಷಿನ್ ಕಡೆ ತಿರುಗಿದೆ. ಬಟ್ಟೆಯೇ ಇಲ್ಲದೆ ಸುಮ್ಮನೆ ತುಳಿದೆ. ಹಿಂದೆ ಇಬ್ಬರೂ ಅಳುತ್ತಿದ್ದರೋ ನಗುತ್ತಿದ್ದರೋ... ಎರಡೂ ಇರಬೇಕು.
ಈಗ ಕೋಣೆಯಲ್ಲಿ ಹಾಸಿಗೆ ಎಳೆಯುವ ಸದ್ದು. ತಿರುವಿ ಹಾಕುತ್ತಿದ್ದಾರೆ. “ರೀ, ಬನ್ನಿ, ಆ ತುದಿ ಹಿಡ್ಕೊಳ್ಳಿ!” ಹೆಂಡತಿ. “ಬೇಡ್ವೇ, ಅವ್ರಿಗ್ಯಾಕೆ” ಅತ್ತೆ. “ಹಿಡ್ಕೊಳ್ಲಿ ಬಿಡಮ್ಮ, ಅವ್ರಿಗೆ ಅಭ್ಯಾಸ ಆಗಿದೆ.” ಪೆನ್ನು ಮುಚ್ಚಿ ಹೊರಟೆ.