ಬೋರ್ಡಿಗೆ ಐದನೇ ಹೆಸರು

ತಾರೀಖು ೧೪, ಸೋಮವಾರ

ಮಗಳೇ,

ನಿನ್ನ ಮೂರು ಕಾಗದಕ್ಕೆ ನನ್ನದು ಒಂದು. ಸಗಟು ಲೆಕ್ಕ ಅಂದುಕೊಂಡು ಕ್ಷಮಿಸಿಬಿಡು. ಮಂಡಿ ನೋವಿದೆ, ಹಸಿವೂ ಇದೆ, ಆದ್ದರಿಂದ ಆರೋಗ್ಯವಾಗಿದ್ದೇನೆ ಎಂದು ತಿಳಿ. ಕೂತಲ್ಲಿ ಕೂರಲಾಗುತ್ತಿಲ್ಲ, ಅಷ್ಟೇ. ಇಷ್ಟು ಬರೆಯುವಷ್ಟರಲ್ಲಿ ನಾಲ್ಕು ಸಲ ಎದ್ದು ಕಿಟಕಿಯವರೆಗೆ ಹೋಗಿಬಂದೆ.

ಕಾರಣ ನಮ್ಮ ಬೀದಿಯ ಬೋರ್ಡು. ನಗರಸಭೆಯ ಗುಮಾಸ್ತ ಗುರುವಾರ ಬಂದಿದ್ದ. “ಯಜಮಾನ್ರೇ, ಸರ್ಕಾರ ಬದಲಾಯ್ತು, ಬೀದಿ ಹೆಸರೂ ಬದಲಾಯ್ತು. ನಿಮ್ಮ ಕೈ ಅಕ್ಷರವೇ ಬೇಕಂತೆ,” ಎಂದ.

“ಈ ಸಲ ಯಾರಪ್ಪ?”

“ಹಳಬರೇ. ಮತ್ತೆ ಸೇನಾಪತಿ ರಸ್ತೆ.”

“ಹಾಗಾದ್ರೆ ಮೇಲಿಂದು ಕೆರೆದುಬಿಡು. ಕೆಳಗೆ ನಾನು ಬರೆದಿದ್ದು ಹಾಗೇ ಇರುತ್ತೆ.”

ಅವನು ನಕ್ಕ. ನನಗೆ ನಗು ಬರಲಿಲ್ಲ.

ನನ್ನ ಆಯಸ್ಸೆಲ್ಲ ಆ ತಗಡಿನ ಮೇಲೇ ಇದೆ. ಹುಟ್ಟಿದ್ದು ರಾಣಿ ರಸ್ತೆಯಲ್ಲಿ. ರಾಣಿಯ ಕಡೆಯವರು ಹಡಗು ಹತ್ತಿದ ಮೇಲೆ, ನಾನು ಮೊದಲು ಕೂಡಿಸಿ ಓದಿದ ಒತ್ತಕ್ಷರಗಳು ಸ್ವಾತಂತ್ರ್ಯ ರಸ್ತೆಯವು. ಸೈನ್ಯ ಪಟ್ಟಕ್ಕೆ ಬಂದ ವರ್ಷ ನನ್ನ ಮದುವೆ. ಸೇನಾಪತಿ ರಸ್ತೆ ಎಂದು ಬರೆದದ್ದೇ ನನ್ನ ಮೊದಲ ಸರ್ಕಾರಿ ಕೆಲಸ. ಗಡಿಯಲ್ಲಿ ಯುದ್ಧ ಹತ್ತಿ ಊರೆಲ್ಲ ದೀಪ ಆರಿಸಿದ್ದ ವಾರ ನೀನು ಹುಟ್ಟಿದೆ. ನಿನಗೆ ಹನ್ನೆರಡಾದಾಗ ಸೇನಾಪತಿ ಓಡಿಹೋದ, ಬೋರ್ಡು ಜನತಾ ರಸ್ತೆಯಾಯಿತು. ಅದೇ ದಿನ ನಿಮ್ಮಮ್ಮ ಹೋದಳು.

ಮೆರವಣಿಗೆ ಅಡ್ಡ ಬಂದು ಆಂಬುಲೆನ್ಸ್ ತಡವಾಯಿತೆಂದು ನೀನು ಇವತ್ತಿಗೂ ಯಾವ ಮೆರವಣಿಗೆ ಕಂಡರೂ ಕಿಟಕಿ ಮುಚ್ಚುತ್ತೀಯ. ಈಗ ಅಳಿಯಂದಿರು ಅಂಥದೊಂದು ಮೆರವಣಿಗೆಗೆ ಹೋಗಿಬಂದರೆಂದು ಹದಿನೈದು ದಿನದಿಂದ ಅವರ ಜೊತೆ ಮಾತು ಬಿಟ್ಟಿದ್ದೀಯಂತೆ. ನೀನು ಅದನ್ನು ಬರೆದ ಕಾಗದವನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ.

ಗುಮಾಸ್ತ ನಾಳೆ ಬರುತ್ತಾನೆ. ಬಣ್ಣ ಕಲಸಿದ್ದೇನೆ, ಕುಂಚ ನೆನೆಹಾಕಿದ್ದೇನೆ, ಕೈ ಮಾತ್ರ ಒಪ್ಪುತ್ತಿಲ್ಲ.

ನಿಮ್ಮಿಬ್ಬರ ಮನೆ ತಣ್ಣಗಿರಲಿ, ನೂರು ಕಾಲ ಬಾಳಿ.

ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಆ ದಿನ ಮೆರವಣಿಗೆ ಮಧ್ಯಾಹ್ನಕ್ಕೇ ಮುಗಿದಿತ್ತು. ಬೆಳಿಗ್ಗೆ ಜನತಾ ರಸ್ತೆ ಎಂದು ಬರೆದವನು ನಾನೇ. ಸಂಜೆ ನಿಮ್ಮಮ್ಮ ಕುಸಿದಾಗ, ಎದುರಂಗಡಿಯ ಫೋನಿನಲ್ಲಿ, ಗಾಬರಿಗೆ, ಹಳೆಯ ಹೆಸರನ್ನೇ ಹೇಳಿದೆ. ಡ್ರೈವರ್ ಊರಿಗೆ ಹೊಸಬ, ನಮ್ಮ ಮೂಲೆಯನ್ನು ಮೂರು ಸಲ ದಾಟಿಹೋದನಂತೆ. “ಸೇನಾಪತಿ ರಸ್ತೆ ಅಂದ್ರಿ, ಬೋರ್ಡಲ್ಲಿ ಬೇರೆ ಇದೆಯಲ್ಲ ಯಜಮಾನ್ರೇ,” ಎಂದ. ನನ್ನ ಉಗುರುಸಂದಿಯ ಬಣ್ಣ ಇನ್ನೂ ಆರಿರಲಿಲ್ಲ.

ನಾಳೆ ಬರೆದರೆ, ಹೊಸ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಹಳೆಯದನ್ನೂ ಬರೆಯುತ್ತೇನೆ. ಗುಮಾಸ್ತ ಬೈದರೆ ಬೈಯಲಿ. ನೀನು ಅಳಿಯಂದಿರ ಜೊತೆ ಮಾತಾಡು. ಮಾತು ಬಿಡುವುದಿದ್ದರೆ ನನ್ನ ಜೊತೆ ಬಿಡು.