ಅವ್ವನ ರೇಷ್ಮಿ

೬ ಜನವರಿ ೨೦೨೫, ಸೋಮವಾರ

ಒಂಬತ್ತು ಕಾರ್ಡು ಪ್ಯಾಕ್ ಆದವು. ಗಣಿ ಲಾರಿ ತೂಗೋ ಮಷೀನಿನ ಎಲೆಕ್ಟ್ರಾನಿಕ್ ಕಾರ್ಡು. ಅಂಜಿನಿ ರಿಪೇರಿ ಮಾಡ್ತಾನ, ನಾನು ಸುತ್ತಿ ಸಂಡೂರು ಬಸ್ಸಿಗೆ ಹಾಕ್ತೀನಿ. ಕಾರ್ಡು ಬಂದಿದ್ದ ಬೆಳ್ಳಿ ಬಣ್ಣದ ಹಳೇ ಕವರು ಗಲೀಜು, ಸುಕ್ಕು. ಅದರ ಮ್ಯಾಲ ಕೈ ಚಿತ್ರ, ಅಡ್ಡ ಗೀಟು. ಅಂದ್ರ ಕೈ ಹತ್ತಬಾರದು. ಅದಕ್ಕ ಅವ್ವನ ರೇಷ್ಮಿ ಸೀರಿ ಕತ್ತರಿಸಿ, ಒರೆಸಿ ಸುತ್ತಿದೆ. ದೇವರ ಬೆಳ್ಳಿ ಮುಖ ಹಂಗ ಸುತ್ತಿಡ್ತೀವಲ್ಲ... ಬಸ್ಸು ಕುಲುಕಿದ್ರ? ಗಂಟು ಎರಡು ಸಲ ನೋಡಿದೆ. ಮೂರು ಸಲ.

೯ ಜನವರಿ

ನಾಲ್ಕು ವಾಪಸ್. ಸತ್ತಾವಂತ. ಇಲ್ಲಿ ಚೆಕ್ ಮಾಡಿದಾಗ ಚಲೋ ಇದ್ವು. ತಾಯಪ್ಪ ಸಾಹುಕಾರು ಅಂಜಿನಿಗೆ — "ಏನಲೇ, ಬೆಸುಗಿ ಹಾಕ್ತಿಯೋ ಮುದ್ದಿ ಕಟ್ತಿಯೋ?"

"ಮುದ್ದಿ ಆಗಿದ್ರ ಉಣ್ತಿದ್ದೆ ಬಿಡ್ರಿ."

ನಕ್ಕ. ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ.

ಇನ್ನ ಎರಡು ಪದರ ಸುತ್ತಬೇಕು.

೧೭ ಜನವರಿ, ಶುಕ್ರವಾರ

ಎರಡು ಪದರ ಸುತ್ತಿದ ಆರೂ ವಾಪಸ್. ಸಾಹುಕಾರು ಬೈಯಲಿಲ್ಲ. ಅದೇ ಭಯ ಆತು. ಸೋಮವಾರ ಬಂದು ನಿನ್ನ ಸಾಮಾನು ಒಯ್ಯಿ ಅಂತ ಅಂಜಿನಿಗೆ ಅಂದ್ರು. ಅವನ ಹೆಂಡತಿ ತುಳಸಿ ಏಳು ತಿಂಗಳ ಬಸುರಿ. ಅಂಗೈ ಚಾಚಿದ. "ಹುಲುಗಕ್ಕ, ಇದರಾಗ ಶನಿ ಕುಂತಾನೇನು ನೋಡು."

ಏನಂತ ನೋಡ್ಲಿ?

೧೮ ಜನವರಿ, ಬೆಳಿಗ್ಗೆ

ಹೊಸಾ ಕಾರ್ಡು ಸುತ್ತಾಕ ರೇಷ್ಮಿ ತೆಗೆದೆ. ಚಳಿ, ಗಾಳಿ ಒಣಾ ಒಣಾ. ಕಾರ್ಡು ಒರೆಸಿದೆ — ಮೇಜಿನ ಮ್ಯಾಲಿನ ಕೆಂಪು ಧೂಳು ತಾನೇ ಎದ್ದು ಬಟ್ಟಿಗೆ ಹತ್ತಿತು. ಫ್ಯಾನಿಲ್ಲ, ಏನಿಲ್ಲ. ಬೆರಳಿಗೆ ಚಟ್ ಅಂತು. ಬೆಳ್ಳಿ ಕವರು ಹಿಡಿದೆ. ಧೂಳು ಮಿಸುಕಲಿಲ್ಲ.

ಮತ್ತ ರೇಷ್ಮಿ ಉಜ್ಜಿ ಹಿಡಿದೆ, ಧೂಳು ಮತ್ತ ಎದ್ದಿತು.

ಸಂಜಿ

ತಮ್ಮನ ಮಗಳು ಶಿಲ್ಪಶ್ರೀ ಕವರಿನ ಇಂಗ್ಲಿಷ್ ಓದಿದ್ಲು. "ತಲಿ ಬಾಚಿದ ಹಣಿಗಿಗೆ ಕಾಗದ ಹತ್ತತೈತಲ್ಲ ಅತ್ತಿ, ಆ ಕರೆಂಟು. ರೇಷ್ಮಿ ಹುಟ್ಟಸ್ತೈತಿ, ಈ ಕವರು ತಡೀತೈತಿ. ಕಾರ್ಡಿನ ಜೀವ ತೆಗಿಯಾಕ ಆ ಕರೆಂಟು ಅಷ್ಟು ಸಾಕು."

ಆರನೇ ಕ್ಲಾಸಿಗೆ ಸಾಲಿ ಬಿಟ್ಟ ನಾನು ಬರೇ ಚಿತ್ರ ನೋಡಿ ತಪ್ಪು ಅರ್ಥ ಮಾಡ್ಕೊಂಡೆ. ಹತ್ತು ಕಾರ್ಡು ನಾನೇ ಕೊಂದೆ. ಹೇಳಿದ್ರ ನಾನು ಹೊರಗ. ಹೇಳದಿದ್ರ...

೨೦ ಜನವರಿ, ಸೋಮವಾರ, ೯ ಗಂಟೆ

ಅಂಜಿನಿ ಬಂದಾನ, ಕೈಯಾಗ ಖಾಲಿ ಚೀಲ. ಅವನ ಮುಂದ ರೇಷ್ಮಿ ಉಜ್ಜಿ ತೋರಿಸಿದೆ. ಧೂಳು ಎದ್ದಿತು. ಕಾರ್ಡು ಕೊಂದಿದ್ದು ನಾನೇ ಅಂದೆ; ಬೈತಾನ ಅಂತ ಕಣ್ಣು ಮುಚ್ಚಿದ್ದೆ.

"ಅವ್ವನ ಸೀರಿ ಹರಿದ್ಯಾ, ಅಕ್ಕಾ? ಈ ದರಿದ್ರ ಕಾರ್ಡಿಗೆ?" ನಕ್ಕ. ಕಣ್ಣು ಒದ್ದಿ ಆಗಿದ್ವು. "ಹೇಳಬ್ಯಾಡ. ನಿನ್ನ ತೆಗೀತಾರ."

ಚೀಲಕ್ಕ ಸಾಮಾನು ತುಂಬಾಕ ಹತ್ಯಾನ. ತಡಿಲೇ ಅಂದೆ. ಕೇಳವಲ್ಲ.

ರೇಷ್ಮಿ ತುಂಡೆಲ್ಲ ಸಾಹುಕಾರ್ರ ಮೇಜಿನ ಮ್ಯಾಲ ಹಾಸೀನಿ. ಬಾಜೂಕ ಒಂದು ಸತ್ತ ಕಾರ್ಡು. ಹೊರಗ ಗಾಡಿ ನಿಂತ ಸಪ್ಪಳ. ಸಾಹುಕಾರು ಚಪ್ಪಲಿ ಬಿಡಾಕ ಹತ್ಯಾರ. ಏಳಬೇಕು. ಮೊದಲು ಏನನ್ಲಿ — ಸಾಹುಕಾರ್ರೇ, ಅಂಜಿನಿದು ತಪ್ಪಲ್ಲ, ಅದು ನಾನೇ—